ಅರ್ಧಕ್ಕೆ ನಿಂತ ಕಸೂತಿ: ಆಸಕ್ತಿ ಎಲ್ಲಿ ಸೋರಿಹೋಗುತ್ತದೆ?

ಬೆಂಗಳೂರಿನಲ್ಲಿ ಹವ್ಯಾಸಕ್ಕೆಂದು ಕಸೂತಿ ಕಲಿಯುವವರು ಸಾಕಷ್ಟಿದ್ದಾರೆ. ಚಿಕ್ಕಪೇಟೆ ಕಡೆಯ ರಾಜಾ ಮಾರ್ಕೆಟ್ಟಿಗೆ ಹೋಗಿ ದಾರದ ಲಡಿಗಳನ್ನು ಆರಿಸಿ ತಂದು, ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯನ್ನು ಅಳತೆಗೆ ಕತ್ತರಿಸಿಕೊಂಡು, ಮೊದಲ ಗೋಪುರವನ್ನೋ ಮೊದಲ ನವಿಲನ್ನೋ ಊಟ ನಿದ್ದೆ ಮರೆತು ಮುಗಿಸಿ, ಆಮೇಲೆ ಇವತ್ತು ನಾಳೆ ಎನ್ನುತ್ತ ಕೊನೆಗೆ ರಿಂಗಿನ ಸಮೇತ ಬಟ್ಟೆಯನ್ನು ಬೀರುವಿನೊಳಗೆ ಸೇರಿಸಿಬಿಡುವವರೂ ಅವರಲ್ಲಿ ಬಹಳ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ: ‘ಟೈಮೇ ಸಿಗಲ್ಲ’, ಇಲ್ಲವೇ ‘ಮೊದಲಿನ ಇಂಟರೆಸ್ಟ್ ಇಲ್ಲ’.

ಈ ಎರಡೂ ಉತ್ತರಗಳು ಸುಳ್ಳಲ್ಲ, ಆದರೆ ಇವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಘಟ್ಟದಲ್ಲಿ ಉತ್ಸಾಹ ಇಳಿಯಿತು, ಇಳಿಯುವ ಮುನ್ನ ಏನಾಗಿತ್ತು, ಮತ್ತೆ ಕೈಗೆತ್ತಿಕೊಳ್ಳಲು ಹೋದಾಗ ಎಲ್ಲಿ ತಡೆಯಾಯಿತು ಎಂದು ಬಿಡಿಸಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಬಹಳ ಸಲ ಆಸಕ್ತಿ ಇನ್ನೂ ಇದ್ದೇ ಇರುತ್ತದೆ, ನಿಂತ ಕೆಲಸದೊಳಗೆ ಮರಳಿ ಹೋಗುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ. ಅದು ಮುಚ್ಚಿಹೋಗಲು ಒಂದಷ್ಟು ಕಾರಣ ನಮ್ಮ ಮನಸ್ಸು ಕೆಲಸ ಮಾಡುವ ರೀತಿಯಲ್ಲಿದೆ, ಇನ್ನೊಂದಷ್ಟು ಕಸೂತಿಯ ಹೊಲಿಗೆಯಲ್ಲೇ ಇದೆ. ಹೊಲಿಗೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಈ ವಿಷಯವನ್ನು ಚರ್ಚಿಸುವಾಗ ಎಲ್ಲರೂ ಮನಸ್ಸಿನ ಬಗ್ಗೆ ಮಾತನಾಡುತ್ತಾರೆಯೇ ಹೊರತು ಕೈಯಲ್ಲಿರುವ ಬಟ್ಟೆಯನ್ನು ಯಾರೂ ನೋಡುವುದಿಲ್ಲ.

ಧಾರವಾಡ, ಹುಬ್ಬಳ್ಳಿ ಸೀಮೆಯ ಕಸೂತಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಇಳಕಲ್ ಸೀರೆಯ ಮೇಲೆ, ಅದರಲ್ಲೂ ಕಪ್ಪು ಬಣ್ಣದ ಚಂದ್ರಕಾಳಿಯ ಮೇಲೆ, ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ನವಿಲುಗಳನ್ನು ಮೂಡಿಸುವ ಈ ಕಲೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ, ನೇಯ್ದಂತೆ ಕಾಣುವ ನೇಯ್ಗಿ ಮತ್ತು ಮೆಂತಿ. ಸಾಮಾನ್ಯ ಎಂಬ್ರಾಯಿಡರಿಯಲ್ಲಿ ಕಾರ್ಬನ್ ಹಾಳೆಯಿಂದ ಬಟ್ಟೆಯ ಮೇಲೆ ಚಿತ್ರ ಇಳಿಸಿಕೊಂಡು ಗೆರೆಯ ಮೇಲೆ ಸೂಜಿ ಓಡಿಸುತ್ತೇವೆ. ಕಸೂತಿಯಲ್ಲಿ ಹಾಗೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಮುಂದೆ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಂತೂ ಬಟ್ಟೆಯ ಎರಡೂ ಮುಖಗಳು ಒಂದೇ ರೀತಿ ಕಾಣಬೇಕು.

ಗವಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೂಜಿ ನಾಲ್ಕು ಎಳೆಗಳ ಮೇಲೆ, ಮುಂದಿನ ನಾಲ್ಕು ಎಳೆಗಳ ಕೆಳಗೆ ಎಂಬಂತೆ ಸಾಗುತ್ತದೆ ಎಂದಿಟ್ಟುಕೊಳ್ಳಿ. ಹೋಗುವಾಗ ಬಟ್ಟೆಯ ಮೇಲೆ ಒಂದು ಬಿಟ್ಟು ಒಂದರಂತೆ ತುಂಡು ಗೆರೆಗಳು ಮೂಡುತ್ತವೆ. ನಡುವಿನ ಖಾಲಿ ಜಾಗಗಳು ಸೂಜಿ ಅದೇ ದಾರಿಯಲ್ಲಿ ಹಿಂತಿರುಗಿದಾಗ ಮಾತ್ರ ತುಂಬುತ್ತವೆ. ಗೋಪುರದಂಥ ಚಿತ್ರದಲ್ಲಿ ಈ ದಾರಿ ನೇರವಾಗಿರುವುದಿಲ್ಲ. ಮುಖ್ಯ ಗೆರೆಯಿಂದ ಮೆಟ್ಟಿಲುಗಳು, ಕಳಸ, ಒಳಗಿನ ಸಣ್ಣ ಚೌಕಗಳು ಕವಲೊಡೆಯುತ್ತವೆ. ಯಾವ ಕವಲಿಗೆ ಹೋಗುವಾಗಲೇ ಹೊರಳಬೇಕು, ಯಾವುದನ್ನು ಹಿಂತಿರುಗುವಾಗ ಮುಗಿಸಬೇಕು ಎಂಬ ಲೆಕ್ಕವೆಲ್ಲ ಹೊಲಿಯುವವರ ತಲೆಯಲ್ಲಿರುತ್ತದೆ. ಲೆಕ್ಕ ತಪ್ಪಿದರೆ ಒಂದು ಮೂಲೆಗೆ ದಾರ ತಲುಪುವುದೇ ಇಲ್ಲ, ಅಥವಾ ಹಿಂಬದಿಯಲ್ಲಿ ಇರಬಾರದ ಗೆರೆಯೊಂದು ಎದ್ದು ಕಾಣುತ್ತದೆ. ಎಣಿಕೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ. ಹತ್ತಿಪ್ಪತ್ತು ಹೊಲಿಗೆ ಹಾಕಿದ ಮೇಲೆ ಎರಡು ಕಡೆಯಿಂದ ಬಂದ ಗೆರೆಗಳು ಕೂಡದೆ ನಿಂತಾಗ ತಿಳಿಯುತ್ತದೆ, ಆಗ ಅಷ್ಟನ್ನೂ ಬಿಚ್ಚಬೇಕಾಗುತ್ತದೆ.

ಇಂಥ ಕೆಲಸದ ನಡುವೆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ವಾಟರ್ ಟ್ಯಾಂಕರ್ ಬಂದಿದೆ ಎಂದು ಇಂಟರ್‌ಕಾಮಿನಲ್ಲಿ ಕರೆಯುತ್ತಾರೆ, ಮಗ ಟ್ಯೂಷನ್ನಿಗೆ ಬಿಡು ಎಂದು ಬಂದು ನಿಲ್ಲುತ್ತಾನೆ, ಆಫೀಸಿನಿಂದ ಐದೇ ನಿಮಿಷದ ಕಾಲ್ ಎಂದು ಮೆಸೇಜ್ ಬರುತ್ತದೆ. ಓದುತ್ತಿದ್ದ ಪುಸ್ತಕವನ್ನು ಬಿಟ್ಟು ಏಳುವುದಾದರೆ ಪುಟದ ಮೂಲೆಯನ್ನು ಮಡಚಿಟ್ಟರೆ ಸಾಕು. ಹೋಗುವ ದಾರಿಯ ನಡುವೆ ಬಿಟ್ಟ ಗವಂತಿಯಲ್ಲಿ ಅಂಥ ಗುರುತೇನೂ ಉಳಿಯುವುದಿಲ್ಲ. ಹತ್ತು ದಿನ ಕಳೆದು ಬಟ್ಟೆಯನ್ನು ತೆರೆದಾಗ ಕಣ್ಣಿಗೆ ಕಾಣುವುದು ಒಂದಕ್ಕೊಂದು ತಾಗದ ತುಂಡು ಗೆರೆಗಳ ಗುಂಪು. ಯಾವ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು, ಯಾವುದು ಹಿಂತಿರುಗುವಾಗ ತುಂಬಬೇಕಾದದ್ದು ಎಂದು ಬಟ್ಟೆ ಹೇಳುವುದಿಲ್ಲ. ಸೂಜಿ ಎತ್ತುವ ಮುನ್ನವೇ ಚಿತ್ರದ ನಮೂನೆಯಿರುವ ಗ್ರಾಫ್ ಹಾಳೆಯನ್ನು ಹುಡುಕಿ, ಕನ್ನಡಕ ಏರಿಸಿ, ಎಳೆ ಎಣಿಸಿ, ನಿಂತ ಜಾಗವನ್ನು ಪತ್ತೆ ಮಾಡುವ ಹೊತ್ತಿಗೆ ಸಿಕ್ಕಿದ್ದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಎರಡು ಮೂರು ಸಲ ಹೀಗಾದರೆ ಬಟ್ಟೆಯನ್ನು ಕಂಡ ಕೂಡಲೇ ಬೇಸರ ಮೂಡುತ್ತದೆ, ಆ ಬೇಸರಕ್ಕೆ ನಾವು ಇಡುವ ಹೆಸರು ‘ಇಂಟರೆಸ್ಟ್ ಹೋಯಿತು’ ಎಂಬುದು.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಮನಸ್ಸಿನ ಒಂದಂಶ ಹಿಂದಿನ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಅವರು ಪರೀಕ್ಷಿಸಿದ್ದು ಕಚೇರಿಯ ಮಾದರಿಯ ಕೆಲಸಗಳನ್ನು. ಮೊದಲ ಕೆಲಸ ಪೂರ್ತಿಯಾಗದೆ ಮನಸ್ಸಿನಲ್ಲಿ ಉಳಿದಿದ್ದಾಗ ಎರಡನೆಯದರಲ್ಲಿ ಗಮನ ಕುಂದುತ್ತಿತ್ತು. ಕಸೂತಿಗೆ ಕೂತವರ ಪರಿಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು, ಅಮೆರಿಕದ ಸಹೋದ್ಯೋಗಿಗಳೊಂದಿಗೆ ರಾತ್ರಿ ಒಂಬತ್ತರವರೆಗೆ ಮಾತಾಡಿ ಎದ್ದವರಿಗೆ ಗಡಿಯಾರದ ಪ್ರಕಾರ ಮುಕ್ಕಾಲು ಗಂಟೆ ಬಿಡುವು ಇರಬಹುದು, ಆದರೆ ಎಳೆ ಎಣಿಸಲು ಬೇಕಾದ ಬಿಡುವು ಅದಲ್ಲ. ಅದೇ ಮುಕ್ಕಾಲು ಗಂಟೆಯನ್ನು ಅವರು ಮೊಬೈಲ್ ನೋಡುತ್ತ ಕಳೆದರೆ ಅದಕ್ಕೆ ಸೋಮಾರಿತನ ಎಂಬ ಹೆಸರು ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಮೊಬೈಲಿಗೆ ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದೆ ಎಂಬ ನೆನಪು ಬೇಕಾಗುವುದಿಲ್ಲ, ಅದರೊಳಗೆ ಹೋಗಲು ಒಂದಿಷ್ಟೂ ಶ್ರಮವಿಲ್ಲ.

ಇನ್ನು ಎರಡನೆಯ ಕಾರಣಕ್ಕೆ ಬರೋಣ, ಅದು ಕೆಲಸದ ಉದ್ದಕ್ಕೆ ಸಂಬಂಧಿಸಿದ್ದು. ಮೆಂತಿ ಎಂದರೆ ಕ್ರಾಸ್ ಸ್ಟಿಚ್, ಒಂದು ಚೌಕದಲ್ಲಿ ಒಂದು ಗುಣಾಕಾರದ ಗುರುತು. ಒಂದು ಇಂಚಿಗೆ 14 ಚೌಕ ಬರುವ ಬಟ್ಟೆಯಲ್ಲಿ ಎಂಟು ಇಂಚು ಉದ್ದ, ಎಂಟು ಇಂಚು ಅಗಲದ ಒಂದು ಆನೆ ಅಂಬಾರಿಯ ಪಟವನ್ನು ಹಿನ್ನೆಲೆಯೂ ಸೇರಿ ಪೂರ್ತಿ ಮೆಂತಿಯಲ್ಲಿ ತುಂಬಬೇಕೆಂದರೆ 112ನ್ನು 112ರಿಂದ ಗುಣಿಸಬೇಕು: 12,544 ಹೊಲಿಗೆ. ಗಂಟೆಗೆ 150 ಹಾಕುವ ಚುರುಕಿನ ಕೈಯೇ ಇದೆ ಎಂದುಕೊಂಡರೂ ಸುಮಾರು 84 ಗಂಟೆಯ ಕೆಲಸ. ಒಂದು ದಿನವೂ ತಪ್ಪಿಸದೆ ದಿನಕ್ಕೆ ಅರ್ಧ ಗಂಟೆ ಕೂತರೆ ಐದೂವರೆ ತಿಂಗಳು, ವಾರಕ್ಕೆ ಮೂರು ದಿನ ಮಾತ್ರ ಕೂರಲು ಸಾಧ್ಯವಾದರೆ ಒಂದು ವರ್ಷಕ್ಕೂ ಹೆಚ್ಚು. ಅಂಗಡಿಯಲ್ಲಿ ಬಟ್ಟೆ ಕೊಳ್ಳುವಾಗ ಈ ಗುಣಾಕಾರವನ್ನು ಯಾರೂ ಮಾಡುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಆರಂಭಿಸಿ ದೀಪಾವಳಿಗೆ ಗೋಡೆಗೆ ತೂಗುಹಾಕುವ ಆಸೆಯಿಂದ ಹೊರಟವರು, ನಡುವೆ ಗೌರಿ ಗಣೇಶ, ನವರಾತ್ರಿ, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ, ಊರಿನಿಂದ ಬರುವ ನೆಂಟರು ಎಲ್ಲವನ್ನೂ ದಾಟುವಷ್ಟರಲ್ಲಿ ಆನೆಯ ಸೊಂಡಿಲಿನಲ್ಲೇ ನಿಂತಿರುತ್ತಾರೆ. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಮೊದಲ ದಿನದ ಲೆಕ್ಕವೇ ಕೈಯ ವೇಗಕ್ಕೆ ಹೊಂದಿರಲಿಲ್ಲ.

ಈ ಉದ್ದದ ನಡುವೆ ಉತ್ಸಾಹ ಒಂದೇ ಸಮನೆ ಇಳಿಯುವುದಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಮೊದಲ ಹತ್ತು ಗಂಟೆಯ ಕೆಲಸದ ನಂತರ ಇನ್ನೊಂದು ಹತ್ತು ಗಂಟೆ ಕೂತರೆ ಚಿತ್ರ ಕಣ್ಣೆದುರೇ ಎರಡು ಪಟ್ಟು ಬೆಳೆಯುತ್ತದೆ. ಐವತ್ತು ಗಂಟೆ ಮುಗಿದ ಮೇಲೆ ಅದೇ ಹತ್ತು ಗಂಟೆಯ ದುಡಿಮೆ ಆಗಿರುವುದಕ್ಕೆ ಐದನೇ ಒಂದು ಭಾಗವನ್ನಷ್ಟೇ ಸೇರಿಸುತ್ತದೆ. ಕೈ ಅಷ್ಟೇ ದುಡಿದಿದೆ, ಕಣ್ಣಿಗೆ ಮಾತ್ರ ಏನೂ ಆದಂತೆ ಕಾಣುವುದಿಲ್ಲ. ಆಂಡ್ರಿಯಾ ಬೊನೆಜ್ಜಿ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಇದನ್ನೇ ಪ್ರಯೋಗಗಳ ಮೂಲಕ ವಿವರಿಸಿದರು. ಕೆಲಸದ ಆರಂಭದಲ್ಲಿ ಎಷ್ಟು ದೂರ ಬಂದೆ ಎಂದು ಅಳೆಯುತ್ತೇವೆ, ಕೊನೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅಳೆಯುತ್ತೇವೆ. ನಡುವಿನ ಭಾಗ ಎರಡು ತುದಿಗಳಿಂದಲೂ ದೂರವಾದ್ದರಿಂದ ಅಲ್ಲಿ ಇಡುವ ಒಂದೊಂದು ಹೆಜ್ಜೆಯೂ ಕಿರಿದಾಗಿ ಕಾಣುತ್ತದೆ, ಉತ್ಸಾಹ ಅಲ್ಲೇ ತಳ ಮುಟ್ಟುತ್ತದೆ. ಕೊನೆ ಹತ್ತಿರವಾದಂತೆ ವೇಗ ಹೆಚ್ಚುವುದನ್ನು 1930ರ ದಶಕದಲ್ಲೇ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳಲ್ಲಿ ಗಮನಿಸಿದ್ದರು; ಆಹಾರವಿದ್ದ ತುದಿಗೆ ಸಮೀಪಿಸಿದಂತೆ ಅವು ಓಟವನ್ನು ಚುರುಕುಗೊಳಿಸುತ್ತಿದ್ದವು. ಕಸೂತಿ ಮಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ಕೊನೆಯ ನವಿಲಿನ ಗರಿಗಾಗಿ ರಾತ್ರಿ ಹನ್ನೆರಡರವರೆಗೆ ಕೂತವರೇ ಸೆರಗಿನ ನಡುವಿನ ಚಿಕ್ಕಿಗಳನ್ನು ತುಂಬಲು ತಿಂಗಳುಗಟ್ಟಲೆ ಮುಂದೂಡಿರುತ್ತಾರೆ.

ಆದ್ದರಿಂದ ನಡುಘಟ್ಟದಲ್ಲಿ ಬೇಸರ ಬಂತೆಂದ ಮಾತ್ರಕ್ಕೆ ಈ ಕಲೆ ನಮಗೆ ಒಗ್ಗದು ಎಂಬ ತೀರ್ಮಾನಕ್ಕೆ ಬರುವುದು ಅವಸರದ ಮಾತಾಗುತ್ತದೆ. ಎಷ್ಟು ಜನ ಆ ತೀರ್ಮಾನಕ್ಕೆ ಬಂದು ಸೂಜಿಯನ್ನೇ ಕೈಬಿಡುತ್ತಾರೆ ಎಂಬುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವರಲ್ಲಿ ಬಹುಪಾಲು ಜನರ ಹೊಲಿಗೆ ಚೆನ್ನಾಗಿಯೇ ಇರುತ್ತದೆ.

ಮನಸ್ಸಿನ ಮಾತಿಗಿಂತ ಮೊದಲು ನೋಡಬೇಕಾದ ಮತ್ತೊಂದು ಸಂಗತಿ ಕಣ್ಣು ಮತ್ತು ಬೆಳಕು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ವಸ್ತುಗಳು ಮಸುಕಾಗತೊಡಗುವುದು ಸಹಜ, ಚಾಳೀಸು ಬೇಕಾಗುವ ವಯಸ್ಸು ಅದು. ಇದು ಒಂದೇ ದಿನ ಬರುವುದಿಲ್ಲವಾದ್ದರಿಂದ ಎಣಿಕೆ ತಪ್ಪುವುದು, ಬೇಗ ತಲೆನೋಯುವುದು, ಬಟ್ಟೆಯನ್ನು ಕೆಳಗಿಡಬೇಕೆನಿಸುವುದು ಇವೆಲ್ಲ ಕಣ್ಣಿನಿಂದ ಆಗುತ್ತಿವೆ ಎಂದು ಬಹಳ ಕಾಲ ಹೊಳೆಯುವುದೇ ಇಲ್ಲ. ಜೊತೆಗೆ ಬೆಂಗಳೂರಿನ ಮಳೆಗಾಲದಲ್ಲಿ ಹಲವು ದಿನ ಮಧ್ಯಾಹ್ನವೂ ಮೋಡ ಮುಸುಕಿರುತ್ತದೆ, ಪಕ್ಕದ ಕಟ್ಟಡಕ್ಕೆ ತೀರ ಒತ್ತಿಕೊಂಡಿರುವ ಮನೆಗಳಿಗಂತೂ ಬಿಸಿಲುಗಾಲದಲ್ಲೂ ಬೆಳಕು ಸಾಲದು. ಕಪ್ಪು ಚಂದ್ರಕಾಳಿಯ ಎಳೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಎಣಿಸುವುದು ಎಳೆಯ ಕಣ್ಣಿಗೂ ಕಷ್ಟ. ತೊಡೆಯ ಮೇಲೆ ಬಿಳಿಯ ಪಂಚೆಯನ್ನೋ ಟವೆಲ್ಲನ್ನೋ ಹರಡಿಕೊಂಡು ಅದರ ಮೇಲೆ ಕಪ್ಪು ಬಟ್ಟೆಯನ್ನು ಹಿಡಿದರೆ ಎಳೆಗಳ ನಡುವಿನ ಸಂದುಗಳು ಬೆಳ್ಳಗೆ ಕಂಡು ಎಣಿಕೆ ಸುಲಭವಾಗುತ್ತದೆ. ಬೆಳಕು ಹೆಗಲ ಮೇಲಿಂದ, ಸೂಜಿ ಹಿಡಿಯುವ ಕೈಯ ನೆರಳು ಬೀಳದ ಕಡೆಯಿಂದ ಬರಬೇಕು. ಕಣ್ಣು ತೋರಿಸಿ ಸರಿಯಾದ ಕನ್ನಡಕ ಪಡೆದ ಮೇಲೆ ‘ಹೋಗಿದ್ದ’ ಆಸಕ್ತಿ ತಾನಾಗಿ ಮರಳಿದ ಉದಾಹರಣೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಅರ್ಧಕ್ಕೆ ನಿಂತ ಕೆಲಸ ಬೀರುವಿನೊಳಗಿದ್ದರೂ ಮನಸ್ಸಿನಿಂದ ಹೊರಗೆ ಹೋಗುವುದಿಲ್ಲ. ಇದರ ಬಗ್ಗೆ ಹೆಚ್ಚಾಗಿ ಉಲ್ಲೇಖಿಸುವ ಪ್ರಯೋಗ ಬ್ಲೂಮಾ ಜೈಗಾರ್ನಿಕ್ ಅವರದು. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯಾಗಿದ್ದ ಅವರು, ಮುಗಿಸಿದ ಕೆಲಸಗಳಿಗಿಂತ ನಡುವೆ ತಡೆದ ಕೆಲಸಗಳು ಜನರ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ ಎಂದು 1927ರಲ್ಲಿ ಪ್ರಕಟಿಸಿದರು. ನಂತರದವರು ಪ್ರಯೋಗವನ್ನು ಪುನರಾವರ್ತಿಸಿದಾಗ ನೆನಪಿನ ಈ ಫಲಿತಾಂಶ ಎಲ್ಲ ಕಡೆಯೂ ದೊರೆತಿಲ್ಲ. ಆದರೆ ಅದೇ ಬಳಗದ ಮಾರಿಯಾ ಓವ್ಸ್ಯಾಂಕಿನಾ 1928ರಲ್ಲಿ ಕಂಡದ್ದು ಇದಕ್ಕಿಂತ ಗಟ್ಟಿಯಾಗಿ ನಿಂತಿದೆ: ನಡುವೆ ತಡೆದ ಕೆಲಸವನ್ನು, ಯಾರೂ ಹೇಳದಿದ್ದರೂ, ಬಿಡುವು ಸಿಕ್ಕ ಕೂಡಲೇ ಜನ ತಾವಾಗಿ ಮತ್ತೆ ಕೈಗೆತ್ತಿಕೊಳ್ಳಲು ಹೋಗುತ್ತಾರೆ. ಅಂದರೆ ಮುಗಿಸುವ ಒಲವು ನಮ್ಮಲ್ಲಿ ಇದ್ದೇ ಇದೆ. ಆ ಒಲವಿನಿಂದ ಬೀರು ತೆರೆದವರಿಗೆ ಎಳೆ ಎಣಿಸುವ ಗೋಡೆ ಎದುರಾಗಿ ಬಾಗಿಲು ಮುಚ್ಚುವಂತಾದಾಗ, ಮುಗಿಸಬೇಕೆಂಬ ಒತ್ತಡ ಹಾಗೆಯೇ ಉಳಿದು ತಪ್ಪಿತಸ್ಥ ಭಾವನೆಯಾಗಿ ಮಾರ್ಪಡುತ್ತದೆ. ಮುಂದಿನ ಸಲ ಬೀರು ತೆರೆಯುವಾಗ ಆ ಭಾರವೂ ಜೊತೆಗಿರುತ್ತದೆ.

ಈ ಒತ್ತಡ ಕಡಿಮೆಯಾಗಲು ಕೆಲಸ ಪೂರ್ತಿ ಮುಗಿಯಲೇಬೇಕು ಎಂದೇನಿಲ್ಲ ಎಂಬುದನ್ನು ಮಸಿಕಾಂಪೊ ಮತ್ತು ಬೌಮಿಸ್ಟರ್ 2011ರಲ್ಲಿ ತೋರಿಸಿದರು. ಮುಗಿಯದ ಗುರಿಯ ಯೋಚನೆ ಬೇರೆ ಕೆಲಸದಲ್ಲಿ ತೊಡಗಿದವರನ್ನು ಕಾಡುತ್ತಿತ್ತು. ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ನಿಖರವಾಗಿ ಯೋಜನೆ ಬರೆದವರಲ್ಲಿ, ಇನ್ನೂ ಕೆಲಸ ಮಾಡಿರದಿದ್ದರೂ, ಆ ಕಾಟ ಇಳಿಯಿತು. ಪೀಟರ್ ಗೊಲ್ವಿಟ್ಸರ್ ಅವರ 1999ರ ಪ್ರಬಂಧವೂ ಇದಕ್ಕೆ ಸಮೀಪದ ಮಾತನ್ನೇ ಹೇಳುತ್ತದೆ: ‘ಇನ್ನು ಮೇಲೆ ನಿಯಮಿತವಾಗಿ ಹೊಲಿಯುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥ ಹೊತ್ತು ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಸಂದರ್ಭಕ್ಕೆ ಕಟ್ಟಿದ ನಿರ್ಧಾರ ನೆರವೇರುವ ಸಾಧ್ಯತೆ ಹೆಚ್ಚು. ನಮ್ಮ ಊರಿನ ದಿನಚರಿಯಲ್ಲಿ ಗಡಿಯಾರದ ಹೊತ್ತಿಗೆ ಕಟ್ಟಿದ ನಿರ್ಧಾರ ಹೆಚ್ಚು ದಿನ ನಿಲ್ಲುವುದಿಲ್ಲ. ಸಂಜೆ ಆರು ಗಂಟೆ ಎಂದು ಇಟ್ಟುಕೊಂಡರೆ ಮಳೆ ಬಂದ ದಿನ ಮನೆ ಸೇರುವುದೇ ಎಂಟಕ್ಕೆ. ಬೆಳಗಿನ ಡಬ್ಬಿ ಕಟ್ಟಿ ಮಕ್ಕಳ ಸ್ಕೂಲ್ ಬಸ್ ಹೊರಟ ಮೇಲೆ, ಕಾಫಿ ಲೋಟ ಕೈಗೆ ಬಂದಾಗ ಎಂಬಂತೆ ಈಗಾಗಲೇ ನಡೆಯುತ್ತಿರುವ ಕೆಲಸದ ಬೆನ್ನಿಗೆ ಕಟ್ಟಿದರೆ ಅದಕ್ಕೆ ಬಲ ಹೆಚ್ಚು. ಬೆಳಗಿನ ಬೆಳಕೂ ಹೊಲಿಗೆಗೆ ಒಳ್ಳೆಯದು.

ಆದರೆ ಈ ಎಲ್ಲ ಉಪಾಯಗಳಿಗಿಂತ ನಾನು ಹೆಚ್ಚು ಒತ್ತಿ ಹೇಳಬಯಸುವುದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು. ಗವಂತಿಯನ್ನು ಹೋಗುವ ದಾರಿಯ ನಡುವೆ ಬಿಡಬಾರದು. ಒಂದು ಕವಲು ಹೋಗಿ ಹಿಂತಿರುಗಿ ಪೂರ್ತಿಯಾಗಿ, ಸೂಜಿ ಮತ್ತೆ ಮುಖ್ಯ ಗೆರೆಗೆ ಬಂದು ನಿಂತಾಗ ಎದ್ದರೆ ಬಟ್ಟೆಯ ಮೇಲೆ ಅರ್ಥವಾಗುವ ಆಕಾರ ಉಳಿದಿರುತ್ತದೆ. ಇದಕ್ಕಾಗಿ ಆರಂಭಿಸುವಾಗಲೇ ದಾರವನ್ನು ತೋಳುದ್ದಕ್ಕಿಂತ ಕಡಿಮೆ ತೆಗೆದುಕೊಂಡು, ಒಂದು ದಾರಕ್ಕೆ ಒಂದು ಸಣ್ಣ ಸುತ್ತು ಎಂದು ಲೆಕ್ಕ ಹಾಕುವುದು ಅನುಕೂಲ. ಚಿಕ್ಕ ದಾರ ಸಿಕ್ಕಾಗುವುದೂ ಕಡಿಮೆ. ಅಂಥ ಜಾಗ ತಲುಪುವ ಮುನ್ನವೇ ಏಳಬೇಕಾದರೆ, ಬೇರೆ ಬಣ್ಣದ ದಾರದಲ್ಲಿ ಮುಂದೆ ಸೂಜಿ ಏಳಬೇಕಾದ ಸಂದಿನಲ್ಲಿ ಒಂದು ಸಡಿಲ ಹೊಲಿಗೆ ಹಾಕಿಟ್ಟು, ಗ್ರಾಫ್ ಹಾಳೆಯ ಮೇಲೆ ಮುಗಿದ ಭಾಗವನ್ನು ಪೆನ್ಸಿಲ್ಲಿನಲ್ಲಿ ತುಂಬಿ, ಪಕ್ಕದಲ್ಲಿ ಒಂದೇ ಸಾಲು ಬರೆದಿಡಬೇಕು: ‘ಎಡಗಡೆ ಮೂರನೇ ಮೆಟ್ಟಿಲು, ಕೆಳಗಿನಿಂದ ಹಿಂತಿರುಗುವುದು ಬಾಕಿ’. ಬರೆಯಲು ಅರ್ಧ ನಿಮಿಷವೂ ಬೇಡ, ಅಷ್ಟರಿಂದ ಹತ್ತು ದಿನದ ನಂತರದ ಇಪ್ಪತ್ತು ನಿಮಿಷ ಉಳಿಯುತ್ತದೆ. ಮುರ್ಗಿಗೂ ಇದೇ ಕ್ರಮ. ಮೆಂತಿಯಲ್ಲಿ ಒಂದು ಬಣ್ಣದ ಸಾಲು ಮುಗಿದಾಗ ನಿಲ್ಲಿಸಿದರೆ ಸಾಕು, ಅದು ಅಷ್ಟು ಕಾಡುವುದಿಲ್ಲ.

ನಡುಘಟ್ಟದ ಬೇಸರಕ್ಕೂ ಪರಿಹಾರ ಕಸೂತಿಯ ರಚನೆಯಲ್ಲೇ ಸಿಗುತ್ತದೆ. ಸೆರಗಿನ ಮೇಲಿನ ಪ್ರತಿಯೊಂದು ಗೋಪುರ, ಪ್ರತಿಯೊಂದು ತೇರು ತನ್ನಷ್ಟಕ್ಕೆ ತಾನೇ ಪೂರ್ಣವಾದ ಚಿತ್ರ. ಇಡೀ ಸೀರೆಯನ್ನು ಒಂದು ಕೆಲಸವೆಂದು ಎಣಿಸದೆ, ಒಂದೊಂದು ಚಿತ್ರವನ್ನೂ ಒಂದು ಕೆಲಸವೆಂದು ಎಣಿಸಿದರೆ ಕೊನೆ ಯಾವಾಗಲೂ ಹತ್ತಿರದಲ್ಲೇ ಇರುತ್ತದೆ, ನಡು ಎಂಬುದು ಚಿಕ್ಕದಾಗುತ್ತದೆ. ರಾನ್ ಕಿವೆಟ್ಜ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹತ್ತು ಕಾಫಿ ಕೊಂಡರೆ ಒಂದು ಉಚಿತ ಎಂಬ ಕಾರ್ಡನ್ನು ಕೆಲವರಿಗೆ ಕೊಟ್ಟರು. ಇನ್ನು ಕೆಲವರಿಗೆ ಹನ್ನೆರಡು ಮುದ್ರೆಗಳ ಕಾರ್ಡು ಕೊಟ್ಟು ಎರಡನ್ನು ಮೊದಲೇ ಒತ್ತಿಕೊಟ್ಟರು. ಇಬ್ಬರೂ ಕೊಳ್ಳಬೇಕಾದದ್ದು ಹತ್ತೇ ಕಾಫಿ, ಆದರೂ ಎರಡನೆಯ ಗುಂಪಿನವರು ಬೇಗ ಮುಗಿಸಿದರು. ಆಗಲೇ ಸ್ವಲ್ಪ ಮುಂದೆ ಬಂದಿದ್ದೇವೆ ಎಂಬ ತಿಳಿವಳಿಕೆಗೇ ಅಷ್ಟು ಶಕ್ತಿಯಿದೆ. ಬಟ್ಟೆಯನ್ನು ಮಡಚಿಡುವಾಗ ಮುಗಿದ ಚಿತ್ರಗಳು ಮೇಲೆ ಬರುವಂತೆ ಸುತ್ತಿಡುವುದು ಸಣ್ಣ ವಿಷಯವಾದರೂ ಈ ಕಾರಣಕ್ಕೆ ಒಳ್ಳೆಯ ಅಭ್ಯಾಸ.

ಹೊಸ ಚಿತ್ರದ ಆಸೆ ಇನ್ನೊಂದು ಸೆಳೆತ. ಹಳೆಯದು ನಿಂತಿರುವಾಗ ಹೊಸ ಬಟ್ಟೆ, ಹೊಸ ಬಣ್ಣಗಳನ್ನು ತರುವುದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಎರಡು ಕೆಲಸಗಳು ಬೇರೆ ಬೇರೆ ಜಾತಿಯವಾಗಿದ್ದರೆ ಅದರಿಂದ ಒಳಿತೇ ಆಗುತ್ತದೆ. ಎಣಿಕೆಯಿಲ್ಲದ ಹೊಲಿಗೆಯನ್ನು ಎಣಿಕೆಯ ಹೊಲಿಗೆಯ ಜೊತೆಗೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ನಮ್ಮ ನಾಡಿನಲ್ಲೇ ಕೌದಿಯಿದೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಹಾಸಿ ನೆರೆಹೊರೆಯ ಹೆಂಗಸರು ಸುತ್ತ ಕೂತು ಹೊಲಿಯುವ ಕೌದಿಗೆ ಬೇಕಾದದ್ದು ಉದ್ದನೆಯ ಸಾದಾ ಹೊಲಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ತಮ್ಮ ಕೌದಿಯನ್ನು ಹೊರಗಿನ ಅಂಚಿನಿಂದ ಆರಂಭಿಸಿ ತುಂಡುಗಳನ್ನು ಸೇರಿಸುತ್ತ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಎಲ್ಲಿ ನಿಲ್ಲಿಸಿದರೂ ಮುಂದಿನ ಜಾಗ ಯಾವುದೆಂದು ಕಣ್ಣಿಗೇ ಕಾಣುತ್ತದೆ. ಮಾತಾಡುತ್ತ, ಮಗುವನ್ನು ನೋಡಿಕೊಳ್ಳುತ್ತ, ಕುಕ್ಕರಿನ ಕೂಗಿಗೆ ಎದ್ದು ಬಂದು ಕೂತರೂ ಕೆಡದ ಕೆಲಸ ಅದು. ಅಡಚಣೆಗಳೇ ತುಂಬಿದ ತಿಂಗಳುಗಳಲ್ಲಿ, ಮನೆಯಲ್ಲಿ ಕಾಯಿಲೆಯವರಿದ್ದಾಗ, ಹಸುಗೂಸಿದ್ದಾಗ, ಗವಂತಿಯೊಂದಿಗೆ ಹೆಣಗಾಡುವ ಬದಲು ಇಂಥ ಹೊಲಿಗೆಯನ್ನು ಹಿಡಿದರೆ ಕೈಗೆ ಸೂಜಿಯ ರೂಢಿ ತಪ್ಪುವುದಿಲ್ಲ, ಹೊಲಿಯುವ ಸಂತೋಷವೂ ಉಳಿಯುತ್ತದೆ.

ಇನ್ನೊಂದು ಸಂದರ್ಭದ ಬಗ್ಗೆ ಹೇಳದೆ ಇರಲಾಗದು, ಅದು ಇತ್ತೀಚೆಗೆ ನಗರದಲ್ಲಿ ಹೆಚ್ಚುತ್ತಿದೆ. ಕೈಕೆಲಸ ಚೆನ್ನಾಗಿದೆ ಎಂದು ಕಂಡವರೆಲ್ಲ ‘ನನಗೂ ಒಂದು ಬ್ಲೌಸಿಗೆ ಹಾಕಿಕೊಡಿ, ದುಡ್ಡು ಕೊಡುತ್ತೇನೆ’ ಎನ್ನುತ್ತಾರೆ, ಹವ್ಯಾಸ ಆರ್ಡರ್ ಆಗುತ್ತದೆ, ಕೆಲವೇ ತಿಂಗಳಲ್ಲಿ ಸ್ವಂತಕ್ಕೆಂದು ತೆಗೆದಿಟ್ಟ ಬಟ್ಟೆಯ ಮೇಲೂ ಮನಸ್ಸು ಹೋಗದಂತಾಗುತ್ತದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಚಿತ್ರ ಬಿಡಿಸಿದರೆ ಬಹುಮಾನ ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದು ಕಡಿಮೆಯಾಯಿತು. ಬಹುಮಾನದ ಮಾತೇ ಇಲ್ಲದಿದ್ದ ಮಕ್ಕಳಲ್ಲಿ, ಹೇಳದೆ ಕೊನೆಗೆ ಬಹುಮಾನ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಕಸೂತಿಯಿಂದ ಸಂಪಾದಿಸುವುದು ಗೌರವದ ವಿಷಯ, ಅದರಿಂದ ಮನೆ ನಡೆಸುವ ಧಾರವಾಡದ ಕಸೂತಿಗಾರ್ತಿಯರ ದುಡಿಮೆಗೆ ನ್ಯಾಯವಾದ ಬೆಲೆ ಸಿಗಲೇಬೇಕು. ಆದರೆ ಸಂತೋಷಕ್ಕೆಂದು ಕಲಿತವರು ಒಂದು ಬಟ್ಟೆಯನ್ನಾದರೂ ಯಾರ ಗಡುವಿಗೂ ಸಿಗದಂತೆ ತಮಗಾಗಿ ಕಾಯ್ದಿರಿಸಿಕೊಳ್ಳುವುದು ಅವಶ್ಯ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಕೆಲವು ಕೆಲಸಗಳ ಮೇಲೆ ನಿಜವಾಗಿಯೇ ಮನಸ್ಸು ಇರುವುದಿಲ್ಲ. ಅದನ್ನು ಗುರುತಿಸಲು ಒಂದು ಸರಳ ದಾರಿಯಿದೆ. ನಿಂತ ಜಾಗವನ್ನು ಪತ್ತೆಮಾಡಿ ಗುರುತು ಹಾಕಿಟ್ಟು, ಒಳ್ಳೆಯ ಬೆಳಕಿನಲ್ಲಿ, ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಒಂದು ಕವಲನ್ನು ಮಾತ್ರ ಹೊಲಿದು ನೋಡುವುದು. ಕೈ ಓಡತೊಡಗಿದ ಮೇಲೆ ಹಿತವೆನ್ನಿಸಿದರೆ ತೊಡಕಿದ್ದದ್ದು ಮರಳುವ ದಾರಿಯಲ್ಲಿ. ಎಲ್ಲ ಅನುಕೂಲಗಳಿದ್ದೂ, ಬೇರೆ ಬೇರೆ ದಿನಗಳಲ್ಲಿ ಕೂತು ನೋಡಿದರೂ, ಸೂಜಿ ಭಾರವೆನ್ನಿಸಿದರೆ ಆ ಚಿತ್ರವೋ ಬಣ್ಣವೋ ನಮ್ಮದಾಗಿ ಉಳಿದಿಲ್ಲ ಎಂದರ್ಥ. ಆಗ ಹಾಕಿದ ದುಡ್ಡು ಅಡ್ಡ ಬರುತ್ತದೆ: ರೇಷ್ಮೆ ದಾರಕ್ಕೆ ಇಷ್ಟು, ಇಳಕಲ್ ಸೀರೆಗೆ ಇಷ್ಟು, ನಡುವೆ ಬಿಡುವುದು ಹೇಗೆ ಎಂದು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಟಕಗಳ ಸೀಸನ್ ಟಿಕೆಟ್ಟಿಗೆ ಪೂರ್ತಿ ಬೆಲೆ ಕೊಟ್ಟವರು ರಿಯಾಯಿತಿ ಪಡೆದವರಿಗಿಂತ ಮೊದಲ ತಿಂಗಳುಗಳಲ್ಲಿ ಹೆಚ್ಚು ನಾಟಕಗಳಿಗೆ ಹೋದರು, ನೋಡಲಿದ್ದ ನಾಟಕಗಳು ಮಾತ್ರ ಇಬ್ಬರಿಗೂ ಅವೇ ಆಗಿದ್ದವು. ಕೊಟ್ಟ ದುಡ್ಡು ಹೊಲಿದರೂ ಮರಳುವುದಿಲ್ಲ, ಬಿಟ್ಟರೂ ಮರಳುವುದಿಲ್ಲ. ನಿರ್ಧರಿಸಬೇಕಾದದ್ದು ಮುಂದಿನ ಗಂಟೆಗಳನ್ನು ಯಾವುದಕ್ಕೆ ಕೊಡುವುದು ಎಂಬುದನ್ನು.

ಬಿಡುವುದೆಂದು ನಿರ್ಧರಿಸಿದರೂ, ವರ್ಷದ ಮಟ್ಟಿಗೆ ಎತ್ತಿಡುವುದೆಂದು ನಿರ್ಧರಿಸಿದರೂ ಬಟ್ಟೆಯನ್ನು ಸರಿಯಾಗಿ ಇಡಬೇಕು. ರಿಂಗಿನಲ್ಲೇ ಬಿಟ್ಟರೆ ಅದರ ಗುರುತು ಎಳೆಗಳಲ್ಲಿ ಕೂತುಬಿಡುತ್ತದೆ, ತಿರುಪಿನ ತುಕ್ಕು ತಾಗಿದರೆ ಕಲೆ ಹೋಗುವುದಿಲ್ಲ. ಚುಚ್ಚಿಟ್ಟ ಸೂಜಿಯೂ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಎರಡನ್ನೂ ತೆಗೆಯಬೇಕು. ಬಣ್ಣ ಬಿಡುವುದಿಲ್ಲವೆಂದು ಒಂದು ಮೂಲೆಯಲ್ಲಿ ಒದ್ದೆ ಬಟ್ಟೆ ಒತ್ತಿ ಖಚಿತಪಡಿಸಿಕೊಂಡು, ತಣ್ಣೀರಿನಲ್ಲಿ ಮೆಲ್ಲಗೆ ಜಾಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಡಚದೆ ಹಳೆಯ ಬಿಳಿ ಹತ್ತಿ ಬಟ್ಟೆಯ ಜೊತೆಗೆ ಸುರುಳಿ ಸುತ್ತಿಡುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿಯುತ್ತದೆ. ಗಂಜಿಯಿರುವ ಬಟ್ಟೆಗೆ ಹುಳು ಬೇಗ ಬರುತ್ತದೆ. ಉಳಿದ ಲಡಿಗಳ ಮೇಲಿನ ಕಾಗದವನ್ನು ಎಸೆಯದೆ ಜೊತೆಗಿಡಬೇಕು, ಅದರ ಮೇಲೆ ಬಣ್ಣದ ನಂಬರ್ ಇರುತ್ತದೆ. ಅದೇ ನಂಬರಿನ ದಾರವಾದರೂ ಬೇರೆ ಸಲ ಬಣ್ಣ ಹಾಕಿದ್ದಾದರೆ ಛಾಯೆಯಲ್ಲಿ ಸ್ವಲ್ಪ ವ್ಯತ್ಯಾಸ ಬರುವುದುಂಟು, ಹಾಗಾಗಿ ಒಂದೇ ಚಿತ್ರಕ್ಕೆ ಬೇಕಾದಷ್ಟು ದಾರವನ್ನು ಒಟ್ಟಿಗೆ ಕಟ್ಟಿಟ್ಟಿರುವುದು ಕ್ಷೇಮ.

ಮುಗಿದ ಒಂದೆರಡು ಗೋಪುರಗಳಷ್ಟೇ ಇರುವ ಬಟ್ಟೆಯನ್ನು ಆ ಭಾಗದ ಮಟ್ಟಿಗೆ ಕತ್ತರಿಸಿ ಕೈಚೀಲದ ಮೇಲೆ ಕೂರಿಸಬಹುದು, ಚೌಕಟ್ಟು ಹಾಕಿಸಬಹುದು. ಕಸೂತಿ ಬಲ್ಲ ಗೆಳತಿಗೋ ಅತ್ತಿಗೆಗೋ ಕೊಟ್ಟುಬಿಡುವುದೂ ಒಂದು ದಾರಿ. ಎಣಿಸಿ ಮಾಡುವ ಹೊಲಿಗೆಯಾದ್ದರಿಂದ ಎಳೆಗಳ ಲೆಕ್ಕ ಮತ್ತು ದಾರದ ಬಿಗಿ ಹೊಂದಿದರೆ ಕೈ ಬದಲಾದದ್ದು ಸುಲಭವಾಗಿ ಗೊತ್ತಾಗುವುದಿಲ್ಲ. ಹಾಗೆ ಕೊಡುವಾಗ ಗ್ರಾಫ್ ಹಾಳೆ, ಬಣ್ಣದ ನಂಬರುಗಳು, ಒಂದು ಹೊಲಿಗೆಗೆ ಎಷ್ಟು ಎಳೆ ಹಿಡಿದಿದ್ದೇವೆ, ದಾರದ ಆರು ಎಳೆಗಳಲ್ಲಿ ಎಷ್ಟನ್ನು ಬಿಡಿಸಿ ಬಳಸಿದ್ದೇವೆ, ಎಲ್ಲಿ ನಿಂತಿದೆ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆಗೇ ಸುತ್ತಿ ಕೊಟ್ಟರೆ, ತೆಗೆದುಕೊಂಡವರು ಅದೇ ದಿನ ಸೂಜಿ ಹಿಡಿಯಬಹುದು.